ಗಂಟೆಗೆ ಆರು ಕಿಲೋಮೀಟರ್: ಫ್ರಾನ್ಸಿನ ಕಾಲುವೆ ದೋಣಿ ಬಗ್ಗೆ ನಿಮ್ಮ ಪ್ರಶ್ನೆಗಳು

ಫ್ರಾನ್ಸಿನ ಕಾಲುವೆಗಳಲ್ಲಿ ಬಾಡಿಗೆ ದೋಣಿ ಹಿಡಿದು ನಿಧಾನಕ್ಕೆ ಸಾಗುವ ಪ್ರವಾಸದ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ಬಂದವುಗಳಲ್ಲಿ ಅರ್ಧಕ್ಕರ್ಧ ಲಾಕ್‌ಗಳನ್ನು, ಅಂದರೆ ನೀರು ತುಂಬಿಸಿ ಇಳಿಸಿ ದೋಣಿಯನ್ನು ಏರಿಸುವ ಇಳಿಸುವ ಬಾಗಿಲುಕೋಣೆಗಳನ್ನು, ಕುರಿತವು. ಹೊಸಬರ ಹೆದರಿಕೆಯೆಲ್ಲ ಇರುವುದೂ ಅಲ್ಲೇ, ಆದ್ದರಿಂದ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ. ಹೆಚ್ಚಿನ ಉದಾಹರಣೆಗಳು ದಕ್ಷಿಣ ಫ್ರಾನ್ಸಿನ ಕನಾಲ್ ದು ಮಿದಿಯವು. ಪಿಯೆರ್ ಪೋಲ್ ರಿಕೆ ಎಂಬಾತ 1666ರಲ್ಲಿ ಶುರು ಮಾಡಿಸಿದ ಈ 240 ಕಿ.ಮೀ. ಕಾಲುವೆ ತುಲೂಸ್ ನಗರದಿಂದ ಮೆಡಿಟರೇನಿಯನ್ ದಡದ ತೋ ಹಿನ್ನೀರಿನವರೆಗೆ ಹೋಗುತ್ತದೆ. 1681ರಲ್ಲಿ ಅದು ತೆರೆಯುವ ಹೊತ್ತಿಗೆ ರಿಕೆ ತೀರಿಕೊಂಡು ಕೆಲವು ತಿಂಗಳಾಗಿತ್ತು. 1996ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಯಾರಿಗೂ ದೋಣಿ ನಡೆಸಿ ಗೊತ್ತಿಲ್ಲ. ಲೈಸೆನ್ಸ್ ಇಲ್ಲದೆ ಕೊಡುತ್ತಾರೆಯೇ?

ಕೊಡುತ್ತಾರೆ. 15 ಮೀಟರ್‌ಗಿಂತ ಉದ್ದವಿಲ್ಲದ ಬಾಡಿಗೆ ದೋಣಿಗೆ ಫ್ರಾನ್ಸಿನಲ್ಲಿ ಪರವಾನಗಿ ಬೇಡ. ಬಾಡಿಗೆಗೆ ಕೊಡುವವರೇ ಪಾಠ ಹೇಳಿ, ಆ ಪ್ರವಾಸದ ಮಟ್ಟಿಗೆ ‘ಕಾರ್ತ್ ದ ಪ್ಲೆಜಾನ್ಸ್’ ಎಂಬ ತಾತ್ಕಾಲಿಕ ಚೀಟಿ ಬರೆದುಕೊಡುತ್ತಾರೆ.

ತೊಂದರೆ ಇರುವುದು ಆ ಪಾಠದಲ್ಲಿ. ಶನಿವಾರ ಮಧ್ಯಾಹ್ನ ಹತ್ತಾರು ದೋಣಿ ಒಟ್ಟಿಗೆ ಹೊರಡುವಾಗ ಅದು ಇಪ್ಪತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ. ನೀವಾಗಿಯೇ ಬಿಡದೆ ಕೇಳಿ. ಕೂಲಿಂಗ್ ನೀರಿನ ಜಾಲರಿ ಎಲ್ಲಿದೆ, ಅಥವಾ ಈ ಎಂಜಿನ್‌ಗೆ ಅದು ಇಲ್ಲವೇ ಇಲ್ಲವೇ? ಗ್ಯಾಸ್ ಬಂದ್ ಮಾಡುವ ತಿರುಪು ಯಾವುದು? ಬ್ಯಾಟರಿ ಸ್ವಿಚ್ ಎಲ್ಲಿ? ಟಾಯ್ಲೆಟ್ ಪಂಪು ಹೇಗೆ? ಗೂಟ ಮತ್ತು ಸುತ್ತಿಗೆ ದೋಣಿಯಲ್ಲಿವೆಯೇ? ಹಗ್ಗ ಎಷ್ಟು, ಎಷ್ಟುದ್ದ? ಕೊನೆಗೆ, ಪಾಠ ಹೇಳುವವರು ಪಕ್ಕದಲ್ಲಿರುವಾಗಲೇ ದೋಣಿಯನ್ನು ನೀವೇ ಒಮ್ಮೆ ದಡದಿಂದ ಬಿಡಿಸಿ, ತಿರುಗಿಸಿ, ಮತ್ತೆ ದಡಕ್ಕೆ ತಂದು ನಿಲ್ಲಿಸಿ. ಅವರು ಮಾಡಿ ತೋರಿಸಿದ್ದನ್ನು ನೋಡಿದರೆ ಸಾಲದು. ಹಳೆಯ ಗೀರುಗಳ ಫೋಟೊ ತೆಗೆದಿಟ್ಟುಕೊಳ್ಳಿ, ಡಿಪಾಸಿಟ್ ವಾಪಸು ಪಡೆಯುವಾಗ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ದಿನಕ್ಕೆ ಎಷ್ಟು ದೂರ ಹೋಗಬಹುದು? ಗೂಗಲ್ ನಕ್ಷೆ ನೋಡಿದರೆ ಕಾರಿನಲ್ಲಿ ಅರ್ಧ ಗಂಟೆಯ ದಾರಿಗೆ ಇಡೀ ದಿನ ಎನ್ನುತ್ತಾರಲ್ಲ!

ಸರಿಯಾಗೇ ಹೇಳಿದ್ದಾರೆ. ಕಾಲುವೆಯಲ್ಲಿ ದೂರಕ್ಕಿಂತ ಗಂಟೆಯ ಲೆಕ್ಕ ಮುಖ್ಯ. ವೇಗದ ಮಿತಿ ಕಾಲುವೆಯಿಂದ ಕಾಲುವೆಗೆ ಗಂಟೆಗೆ 6 ಅಥವಾ 8 ಕಿ.ಮೀ. ಇರುತ್ತದೆ, ನಡುವೆ ಕಟ್ಟಿದ ದೋಣಿಗಳ ಪಕ್ಕ ಅದಕ್ಕಿಂತಲೂ ನಿಧಾನ. ಹಾಗಾಗಿ ಕಿಲೋಮೀಟರ್‌ಗೆ 10 ನಿಮಿಷ, ಒಂದು ಲಾಕ್‌ಗೆ 15ರಿಂದ 20 ನಿಮಿಷ ಎಂದು ಹಿಡಿಯಿರಿ. ಎದುರಿಂದ ಬರುವವರಿಗಾಗಿ ಕಾಯಬೇಕಾದರೆ ಲಾಕ್‌ಗೆ ಅರ್ಧ ಗಂಟೆ. ಲಾಕ್‌ಗಳು ಬೇಸಿಗೆಯಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 9ಕ್ಕೆ ತೆರೆದು ಸಂಜೆ 6–7ರ ಹೊತ್ತಿಗೆ ಮುಚ್ಚುತ್ತವೆ. ಎಷ್ಟೋ ಕಡೆ ಮಧ್ಯಾಹ್ನ ಒಂದು ಗಂಟೆ ಊಟದ ಬಿಡುವೂ ಇದೆ. ಹನ್ನೆರಡೂಕಾಲಿಗೆ ಲಾಕ್ ಮುಂದೆ ಬಂದು ನಿಂತರೆ ಒಳಗೆ ಬಿಡುತ್ತಾರೆಂದು ಹೇಳಲಾಗದು. ಅಲ್ಲೇ ಕಟ್ಟಿ ನೀವೂ ಊಟ ಮಾಡಿ.

ಒಂದು ದಿನದ ಲೆಕ್ಕ ಹಾಕೋಣ. ಕನಾಲ್ ದು ಮಿದಿಯಲ್ಲಿ ಅರ್ಜಾನ್ಸ್ ಲಾಕ್ ದಾಟಿದ ಮೇಲೆ ಬೆಜಿಯೆ ನಗರದ ಫೊನ್ಸೆರಾನ್ ಲಾಕ್‌ಗಳವರೆಗೆ ಸುಮಾರು 54 ಕಿ.ಮೀ. ಒಂದೂ ಲಾಕ್ ಇಲ್ಲ. ಗುಡ್ಡದ ಏರಿಳಿತಕ್ಕೆ ಸಿಗದಂತೆ ಒಂದೇ ಮಟ್ಟ ಹಿಡಿದು ಸುತ್ತಿ ಬಳಸಿ ತೋಡಿದ್ದಾರೆ, ಅದಕ್ಕೇ ಅಲ್ಲಿ ಕಾಲುವೆ ಹಾವಿನಂತೆ ಹೊರಳುತ್ತದೆ. ಈ ಭಾಗದಲ್ಲಿ ಲ ಸೊಮಾಯ್ ಎಂಬ ಪುಟ್ಟ ಊರಿನಿಂದ ಕಪೆಸ್ತಾಂಗ್‌ಗೆ 22 ಕಿ.ಮೀ. ನಡೆಸುವುದಷ್ಟೇ ಲೆಕ್ಕ ಹಾಕಿದರೆ ಮೂರು ಗಂಟೆ ನಲವತ್ತು ನಿಮಿಷ.

ಲ ಸೊಮಾಯ್‌ನಲ್ಲಿ ಹಳೇ ಕಲ್ಲಿನ ಸೇತುವೆ, ಚರ್ಚು, ಹಿಂದಿನ ಕಾಲದ ಛತ್ರದ ಕಟ್ಟಡ ನೋಡಿಕೊಂಡು ಒಂಬತ್ತೂವರೆಗೆ ಹಗ್ಗ ಬಿಚ್ಚಿ. ಇಪ್ಪತ್ತು ನಿಮಿಷದಲ್ಲಿ ಸೆಸ್ ನದಿಯ ಮೇಲಿನ ಸೇತುವೆ ಬರುತ್ತದೆ. ಅಲ್ಲಿ ಕಾಲುವೆಯೇ ಸೇತುವೆಯ ಮೇಲೆ ಹರಿಯುತ್ತದೆ, ನದಿ ಕೆಳಗೆ. ಅದು ಅಗಲ ಕಿರಿದು, ಒಮ್ಮೆಗೆ ಒಂದೇ ದೋಣಿ. ಎದುರಿನವರು ಆಗಲೇ ಒಳಗಿದ್ದರೆ ಈಚೆ ನಿಲ್ಲಿ. ಅದಾದ ಕೂಡಲೇ ಬಲಕ್ಕೆ ನಾರ್ಬೊನ್ ಕಡೆಯ ಕವಲು ಒಡೆಯುತ್ತದೆ, ನೀವು ನೇರಕ್ಕೆ. ಮುಂದೆ ದ್ರಾಕ್ಷಿ ತೋಟಗಳ ನಡುವೆ ತಿರುವುಗಳೇ ತಿರುವುಗಳು. ಎದುರಿನದು ಕಾಣದ ತಿರುವಿಗೆ ಮೊದಲು ಒಂದು ಉದ್ದ ಹಾರ್ನ್ ಹಾಕಿ ಬಲಕ್ಕೆ ಸರಿಯಿರಿ. ಅರ್ಜೆಲಿಯೆ ಬಳಿ ಊಟ. ನಾಲ್ಕು ಗಂಟೆಯೊಳಗೆ ಕಪೆಸ್ತಾಂಗ್ ಮುಟ್ಟಿದರೆ ಕಟ್ಟಲು ಜಾಗ ಸಿಗುತ್ತದೆ, ಆರಕ್ಕೆ ಹೋದರೆ ಕಷ್ಟ.

ಆ ಊರಿನ ಸೇತುವೆ ಈ ಕಾಲುವೆಯ ಅತಿ ತಗ್ಗಿನ ಸೇತುವೆ ಎಂದು ಹೆಸರು ಪಡೆದದ್ದು, ಅದೂ ಕಮಾನಿನದು. ದೂರದಲ್ಲಿರುವಾಗಲೇ ಛತ್ರಿ ಮಡಚಿ, ಚಾವಣಿಯ ಮೇಲಿನ ಸೈಕಲ್ಲುಗಳನ್ನು ಮಲಗಿಸಿ, ಎಲ್ಲರನ್ನೂ ಕೂರಿಸಿ. ಕಮಾನಿನ ನಟ್ಟನಡುವೆ ನೇರವಾಗಿ ನುಗ್ಗಿಸಬೇಕು. ಅರ್ಧ ಮೀಟರ್ ಪಕ್ಕಕ್ಕೆ ಸರಿದರೂ ಚಾವಣಿಯ ಅಂಚು ಕಲ್ಲಿಗೆ ತಾಗುತ್ತದೆ.

ಅದೇ ಕಾಲುವೆಯ ಮೇಲ್ಭಾಗದಲ್ಲಿ ತ್ರೆಬ್‌ನಿಂದ ಓಂಪ್ಸ್‌ಗೆ ಸುಮಾರು 27 ಕಿ.ಮೀ. ಕೇಳಲು ಬರೀ ಐದು ಕಿಲೋಮೀಟರ್ ಹೆಚ್ಚು. ಆದರೆ ದಾರಿಯಲ್ಲಿ ಆರೇಳು ಕಡೆ ಲಾಕ್‌ಗಳು, ಅವುಗಳಲ್ಲಿ ಹಲವು ಎರಡು–ಮೂರು ಕೋಣೆಗಳ ಮೆಟ್ಟಿಲು ಲಾಕ್‌ಗಳು. ಬೆಳಗಿನಿಂದ ಸಂಜೆಯವರೆಗೂ ಅದೇ ಕೆಲಸವಾಗುತ್ತದೆ. ಮೊದಲ ದಿನಕ್ಕೆ ಅದನ್ನು ಆರಿಸಬೇಡಿ.

ಪ್ರಶ್ನೆ: ಲಾಕ್ ಎಂದರೇನು, ಅದರೊಳಗೆ ಹೋಗಿ ಬರುವುದು ಹೇಗೆ? ನಾವು ನಾಲ್ವರು, ಅತ್ತೆಯವರಿಗೆ 70 ದಾಟಿದೆ. ಕೆಲಸ ಹಂಚಿಕೊಳ್ಳುವುದು ಹೇಗೆ?

ಮುಂದೊಂದು ಹಿಂದೊಂದು ಬಾಗಿಲಿರುವ ಕಲ್ಲಿನ ಕೋಣೆ ಅದು. ಕೆಳಗಿನ ಬಾಗಿಲಿನಿಂದ ಒಳಗೆ ಹೋಗುತ್ತೀರಿ, ಬಾಗಿಲು ಮುಚ್ಚುತ್ತದೆ, ಮೇಲಿನ ತೂಬು ಎತ್ತಿ ನೀರು ತುಂಬುತ್ತಾರೆ, ದೋಣಿ ನೀರಿನ ಜೊತೆ ಏರುತ್ತದೆ, ಮೇಲಿನ ಬಾಗಿಲು ತೆರೆಯುತ್ತದೆ. ಇಳಿಯುವಾಗ ಇದೇ ತಿರುವುಮುರುವು. ಕನಾಲ್ ದು ಮಿದಿಯ ಹಳೇ ಲಾಕ್‌ಗಳು ಮೊಟ್ಟೆಯಾಕಾರದವು: ಉದ್ದ ಸುಮಾರು 30 ಮೀಟರ್, ನಡುವೆ 11 ಮೀಟರ್ ಅಗಲ, ಬಾಗಿಲ ಬಳಿ ಅದರ ಅರ್ಧ. ಮಣ್ಣಿನ ಒತ್ತಡಕ್ಕೆ ನೇರ ಗೋಡೆ ಒಳಕ್ಕೆ ಕುಸಿದದ್ದರಿಂದ ಗೋಡೆಯನ್ನು ಮಲಗಿಸಿದ ಕಮಾನಿನಂತೆ ಬಾಗಿಸಿ ಕಟ್ಟಿದರು. ಬಾಡಿಗೆ ದೋಣಿಗಳು ಮೂರ್ನಾಲ್ಕು ಒಟ್ಟಿಗೆ ಹಿಡಿಯುತ್ತವೆ. ಪಕ್ಕದ ಗೋಡೆ ಬಾಗಿರುವುದರಿಂದ ದೋಣಿಯ ನಡುಭಾಗ ಗೋಡೆಗೆ ಒರಗುವುದಿಲ್ಲ. ತಲೆ ಅಥವಾ ಬಾಲ ತಾಗುತ್ತದೆ. ಫೆಂಡರ್‌ಗಳನ್ನು (ಪೆಟ್ಟು ತಡೆಯಲು ದೋಣಿಯ ಪಕ್ಕಕ್ಕೆ ತೂಗುಬಿಡುವ ಮೆತ್ತೆಗಳು) ಎರಡು ತುದಿಗೂ ಇಳಿಬಿಡಿ.

ಏರುವುದೇ ಕಷ್ಟದ್ದು. ಒಳಗೆ ಹೋದಾಗ ನೀವು ಬಾವಿಯ ತಳದಲ್ಲಿರುತ್ತೀರಿ, ಹಗ್ಗ ಸುತ್ತುವ ಕಬ್ಬಿಣದ ಗೂಟ ತಲೆಯ ಮೇಲೆಲ್ಲೋ ಎರಡು ಮೂರು ಮೀಟರ್ ಎತ್ತರದಲ್ಲಿ. ಆದ್ದರಿಂದ ಲಾಕ್‌ಗೆ ಮೊದಲು ಸಿಗುವ ಕಾಯುವ ಕಟ್ಟೆಯಲ್ಲಿ ಒಬ್ಬರನ್ನು ಇಳಿಸಿ. ಅವರು ನಡೆದು ಮೇಲೆ ಹೋಗಿ ನಿಲ್ಲಲಿ. ದೋಣಿ ಒಳಗೆ ಬಂದ ಮೇಲೆ ಮುಂದಿನ ಹಗ್ಗವನ್ನು ಸುರುಳಿ ಮಾಡಿ ಎಸೆಯಿರಿ. ಮೇಲಿರುವವರು ಅದನ್ನು ದೋಣಿಯ ತಲೆಗಿಂತ ತುಸು ಮುಂದಿನ ಗೂಟಕ್ಕೆ ಒಂದು ಸುತ್ತು ಹಾಕಿ ತುದಿಯನ್ನು ಕೆಳಕ್ಕೆ ಕೊಡಬೇಕು. ಹಿಂದಿನ ಹಗ್ಗಕ್ಕೂ ಹೀಗೇ. ಎರಡು ಹಗ್ಗದ ತುದಿಯೂ ದೋಣಿಯಲ್ಲಿರುವವರ ಕೈಯಲ್ಲೇ ಇರುತ್ತವೆ.

ತೂಬು ಎತ್ತಿದ ಕೂಡಲೇ ಎದುರಿನಿಂದ ನೀರು ಕುದಿಯುವಂತೆ ಉಕ್ಕುತ್ತದೆ. ದೋಣಿ ಮೊದಲು ಹಿಂದಕ್ಕೆ ಜಾರುತ್ತದೆ, ಆಮೇಲೆ ಸುಳಿ ಮುಂದಕ್ಕೆ ಎಳೆಯುತ್ತದೆ. ಮುಂದಿನ ಹಗ್ಗ ಹಿಡಿದವರದೇ ಆಗ ನಿಜವಾದ ಕೆಲಸ: ದೋಣಿ ಏರಿದಂತೆ ಹಗ್ಗ ಸಡಿಲವಾಗುತ್ತದೆ, ಆ ಸಡಿಲನ್ನು ಗೇಣು ಗೇಣಾಗಿ ಒಳಕ್ಕೆ ಎಳೆದುಕೊಳ್ಳುತ್ತಲೇ ಇರಬೇಕು. ತೋಳಿನ ಬಲಕ್ಕಿಂತ ಗೂಟದ ಸುತ್ತಿನ ಉಜ್ಜುವಿಕೆಯೇ ದೋಣಿಯನ್ನು ಹಿಡಿಯುವುದು, ಅದಕ್ಕೇ ಆ ಒಂದು ಸುತ್ತು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಕಾಲ ಬುಡದಲ್ಲಿ ಸುರುಳಿ ಬಿಟ್ಟು ಅದರ ಮೇಲೆ ನಿಲ್ಲಬೇಡಿ.

ಇಳಿಯುವಾಗ ನೀರು ಶಾಂತ, ಅಪಾಯ ಹೆಚ್ಚು. ಎರಡನ್ನು ನೆನಪಿಡಿ. ಮೊದಲನೆಯದು ಗಂಟು. ಹಗ್ಗವನ್ನು ಗೂಟದ ಸುತ್ತ ತಂದು ತುದಿ ಕೈಯಲ್ಲಿ ಹಿಡಿದು ಬಿಡುತ್ತಾ ಹೋಗಬೇಕು. ಕಟ್ಟಿಬಿಟ್ಟರೆ ನೀರು ಇಳಿಯುತ್ತದೆ, ದೋಣಿ ಹಗ್ಗಕ್ಕೆ ನೇತಾಡುತ್ತದೆ. ಹಗ್ಗದ ತುದಿಯಲ್ಲಿ ಗಂಟಿದ್ದರೂ ಅದು ಗೂಟಕ್ಕೆ ಸಿಕ್ಕಿ ಇದೇ ಆಗುತ್ತದೆ. ಹರಿತವಾದ ಚಾಕು ಹಗ್ಗ ಹಿಡಿದವರ ಕೈಗೆಟುಕುವಲ್ಲಿ ಇರಲಿ. ಎರಡನೆಯದು ಹೊಸಿಲು. ಮೇಲಿನ ಬಾಗಿಲಿನ ಬುಡದಲ್ಲಿ ಕಲ್ಲಿನ ಹೊಸಿಲು ಕೋಣೆಯೊಳಕ್ಕೆ ಚಾಚಿಕೊಂಡಿರುತ್ತದೆ, ತುಂಬಿದ ನೀರಿನಲ್ಲಿ ಕಾಣುವುದಿಲ್ಲ. ದೋಣಿಯ ಹಿಂಭಾಗ ಅದರ ಮೇಲೆ ನಿಂತಿದ್ದರೆ, ನೀರು ಇಳಿದಾಗ ಬಾಲ ಕಲ್ಲಿನ ಮೇಲೆ ಉಳಿದು ತಲೆ ಕೆಳಕ್ಕೆ ಹೋಗುತ್ತದೆ. ಇಂಥ ಸಂದರ್ಭದಲ್ಲಿ ದೋಣಿ ಮುಳುಗಲೂಬಹುದು. ಗೋಡೆಯ ಮೇಲೆ ಗೆರೆ ಇದ್ದರೆ ಅದಕ್ಕಿಂತ ಮುಂದೆ ನಿಲ್ಲಿ. ಗೆರೆ ಇಲ್ಲದಿದ್ದರೂ ಹಿಂದಿನ ಬಾಗಿಲಿನಿಂದ ಸಾಧ್ಯವಾದಷ್ಟು ದೂರ, ಮುಂದಿನ ಬಾಗಿಲಿಗೆ ತಾಗದಷ್ಟು ಹತ್ತಿರ.

ನಾಲ್ವರಿದ್ದರೆ ಹಂಚಿಕೆ ಸುಲಭ: ಒಬ್ಬರು ಚುಕ್ಕಾಣಿ, ಒಬ್ಬರು ಮುಂದಿನ ಹಗ್ಗ, ಒಬ್ಬರು ದಡದಲ್ಲಿ. ಹಿಂದಿನ ಹಗ್ಗವನ್ನು ಚುಕ್ಕಾಣಿಯವರೇ ಹಿಡಿಯಬಹುದು. ಅತ್ತೆಯವರು ಕೂತಲ್ಲೇ ಕೂತು, ಹಿಂಭಾಗ ಹೊಸಿಲಿನಿಂದ ದೂರವಿದೆಯೇ ಎಂದು ನೋಡುತ್ತಿರಲಿ. ನೋಡುವವರೊಬ್ಬರು ಬೇಕೇ ಬೇಕು, ಅದನ್ನು ಹಗುರದ ಕೆಲಸ ಎಂದುಕೊಳ್ಳಬೇಡಿ. ಮತ್ತೆ, ಗೋಡೆಗೆ ತಾಗುತ್ತಿದೆ ಎಂದು ಯಾರೂ ಕಾಲು ಚಾಚಿ ತಡೆಯಬಾರದು. ಟನ್ನುಗಟ್ಟಲೆ ತೂಕದ ದೋಣಿ ಅದು. ಫೆಂಡರ್ ಜಜ್ಜಿದರೆ ಜಜ್ಜಲಿ.

ಪ್ರಶ್ನೆ: ಕಾವಲಿನವರಿಲ್ಲದ ಲಾಕ್‌ನಲ್ಲಿ ಯಾರನ್ನು ಕೇಳುವುದು?

ದೀಪಗಳನ್ನು ಕೇಳಿ! ಕೆಂಪು ಎಂದರೆ ನಿಲ್ಲಿ. ಕೆಂಪು ಹಸಿರು ಒಟ್ಟಿಗೆ ಇದ್ದರೆ ನಿಮಗಾಗಿ ಲಾಕ್ ತಯಾರಾಗುತ್ತಿದೆ ಎಂದರ್ಥ. ಹಸಿರು ಬಂದರೆ ಹೋಗಿ. ಎರಡು ಕೆಂಪು ಒಟ್ಟಿಗಿದ್ದರೆ ಲಾಕ್ ಕೆಟ್ಟಿದೆ ಅಥವಾ ಮುಚ್ಚಿದೆ. ನೀವು ಬರುತ್ತಿರುವುದನ್ನು ಲಾಕ್‌ಗೆ ತಿಳಿಸಲು ಕೆಲವು ಕಾಲುವೆಗಳಲ್ಲಿ ರಿಮೋಟ್ ಕೊಡುತ್ತಾರೆ, ಇನ್ನು ಕೆಲವು ಕಡೆ ನೀರಿನ ಮೇಲೆ ತೂಗುವ ಕೋಲೊಂದನ್ನು ದೋಣಿಯಿಂದಲೇ ಹಿಡಿದು ತಿರುಚಬೇಕು. ಒಳಗೆ ಹೋದ ಮೇಲೆ ಗೋಡೆಯಲ್ಲಿ ಎರಡು ಉದ್ದ ಸರಳುಗಳಿರುತ್ತವೆ. ಎರಡೂ ಹಗ್ಗ ಕೈಗೆ ಬಂದಾದ ಮೇಲೆ ನೀಲಿಯದನ್ನು ಮೇಲಕ್ಕೆ ಎತ್ತಿ, ಬಾಗಿಲು ಮುಚ್ಚಿ ಕೆಲಸ ಶುರುವಾಗುತ್ತದೆ. ಕೆಂಪು ಸರಳು ತುರ್ತಿಗೆ. ಹಗ್ಗ ಸಿಕ್ಕಿಕೊಂಡರೆ, ಯಾರಾದರೂ ಬಿದ್ದರೆ, ಹಿಂದುಮುಂದು ನೋಡದೆ ಅದನ್ನು ಎಳೆಯಿರಿ. ಎಳೆದ ಮೇಲೆ ಲಾಕ್ ನಿಂತುಬಿಡುತ್ತದೆ, ಮತ್ತೆ ಶುರುಮಾಡಲು ಸಿಬ್ಬಂದಿ ಬರಬೇಕು. ಮಕ್ಕಳಿಗೆ ಆ ಸರಳನ್ನು ಮೊದಲೇ ತೋರಿಸಿ ಹೇಳಿಡಿ.

ಪ್ರಶ್ನೆ: ಕಾರು ಓಡಿಸುವವರಿಗೆ ಇದು ಸುಲಭವಂತೆ, ಹೌದೇ?

ಅಲ್ಲ. ಕಾರಿನ ಅಭ್ಯಾಸವೇ ಇಲ್ಲಿ ಅಡ್ಡ ಬರುವುದು. ಕಾರಿನಲ್ಲಿ ಮುಂದಿನ ಚಕ್ರ ತಿರುಗುತ್ತದೆ, ದೋಣಿಯಲ್ಲಿ ಹಿಂಭಾಗ ಪಕ್ಕಕ್ಕೆ ಹೋಗುತ್ತದೆ. ದಡಕ್ಕೆ ಕಟ್ಟಿದ ದೋಣಿಯನ್ನು ಬಿಚ್ಚಿ ಚಕ್ರವನ್ನು ಕಾಲುವೆಯ ಕಡೆ ತಿರುಗಿಸಿ ಮುಂದಕ್ಕೆ ಬಿಟ್ಟರೆ ತಲೆ ಹೊರಗೆ ಬರುತ್ತದೇನೋ ನಿಜ, ಬಾಲ ದಡಕ್ಕೆ ಬಡಿಯುತ್ತದೆ, ಪ್ರೊಪೆಲರ್ ಕೆಸರು ಕಡೆಯುತ್ತದೆ. ಇದಕ್ಕೆ ಬದಲು ಹೀಗೆ ಮಾಡಿ: ಮುಂದಿನ ಮೂಲೆಯಲ್ಲಿ ಫೆಂಡರ್ ಇಳಿಬಿಟ್ಟು, ಚಕ್ರವನ್ನು ದಡದ ಕಡೆಗೇ ತಿರುಗಿಸಿ, ಮೆಲ್ಲಗೆ ಮುಂದಕ್ಕೆ ಗೇರ್ ಹಾಕಿ. ತಲೆ ದಡಕ್ಕೆ ಒತ್ತಿಕೊಂಡು ಬಾಲ ಹೊರಕ್ಕೆ ಬರುತ್ತದೆ. ಆಮೇಲೆ ಚಕ್ರ ನೇರ ಮಾಡಿ ಹಿಂದಕ್ಕೆ ಎಳೆದುಕೊಳ್ಳಿ.

ಪ್ರೊಪೆಲರ್ ನೀರು ತಳ್ಳುತ್ತಿದ್ದರೆ ಮಾತ್ರ ಚುಕ್ಕಾಣಿ ಕೇಳುತ್ತದೆ. ನ್ಯೂಟ್ರಲ್‌ನಲ್ಲಿ ತೇಲುವಾಗ ಚಕ್ರವನ್ನು ಎಷ್ಟು ತಿರುಗಿಸಿದರೂ ಪ್ರಯೋಜನ ಕಡಿಮೆ. ತಿರುಗಿಸಿದ ಮೇಲೆಯೂ ದೋಣಿ ಸುಮಾರು ಎರಡು ಸೆಕೆಂಡು ಯೋಚಿಸುತ್ತದೆ. ಆ ಎರಡು ಸೆಕೆಂಡಿನಲ್ಲಿ ಇನ್ನಷ್ಟು ತಿರುಗಿಸಿ, ಆಮೇಲೆ ಗಾಬರಿಯಲ್ಲಿ ಅತ್ತ ತಿರುಗಿಸಿ, ಕಾಲುವೆಯುದ್ದಕ್ಕೂ ಅಂಕುಡೊಂಕಾಗಿ ಹೋಗುವವರನ್ನು ಕಂಡರೆ ಹೊಸಬರೆಂದು ದೂರದಿಂದಲೇ ತಿಳಿಯುತ್ತದೆ. ಕಾಲು ಸುತ್ತು ತಿರುಗಿಸಿ, ಕಾಯಿರಿ, ನೇರಕ್ಕೆ ತನ್ನಿ.

ಬ್ರೇಕ್ ಇಲ್ಲ, ನಿಲ್ಲಿಸಲು ರಿವರ್ಸ್ ಒಂದೇ. ರಿವರ್ಸ್ ಹಾಕಿದಾಗ ಬಾಲ ಯಾವುದೋ ಒಂದು ಪಕ್ಕಕ್ಕೆ ಎಳೆಯುತ್ತದೆ. ಯಾವ ಪಕ್ಕ ಎಂದು ಮೊದಲ ದಿನವೇ ಖಾಲಿ ಜಾಗದಲ್ಲಿ ನೋಡಿಟ್ಟುಕೊಂಡು, ದಡ ಹಿಡಿಯುವಾಗ ಸಾಧ್ಯವಿದ್ದರೆ ಅದೇ ಪಕ್ಕಕ್ಕೆ ಹೋಗಿ. ತಲೆಯನ್ನು ಪಕ್ಕಕ್ಕೆ ತಳ್ಳುವ ಬೋ ಥ್ರಸ್ಟರ್ ಇದ್ದರೆ ಎರಡು ಮೂರು ಸೆಕೆಂಡು ಮಾತ್ರ ಒತ್ತಿ ಬಿಡಿ. ಅದು ಬ್ಯಾಟರಿಯನ್ನು ಕುಡಿಯುತ್ತದೆ, ಬಿಡದೆ ಒತ್ತಿದರೆ ಬಿಸಿಯಾಗಿ ನಿಂತುಬಿಡುತ್ತದೆ.

ವೇಗ ಹೆಚ್ಚಾಯಿತೇ ಎಂದು ತಿಳಿಯಲು ಹಿಂದೆ ನೋಡಿ. ದಡದಲ್ಲಿ ಅಲೆ ಒಡೆದು ನೊರೆಯಾಗುತ್ತಿದ್ದರೆ ಹೆಚ್ಚಾಯಿತು. ಆ ಅಲೆ ದಡದ ಮಣ್ಣು ಕೊರೆಯುತ್ತದೆ, ಕಟ್ಟಿ ನಿಂತವರ ಗೂಟ ಕೀಳುತ್ತದೆ. ಆಳವಿಲ್ಲದ ನೀರಿನಲ್ಲಿ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಬಾಲ ಕೆಳಕ್ಕೆ ಕೂರುತ್ತದೆಯೇ ಹೊರತು ವೇಗ ಅಷ್ಟೇನೂ ಏರುವುದಿಲ್ಲ, ಡೀಸೆಲ್ ಮಾತ್ರ ಖರ್ಚು.

ಪ್ರಶ್ನೆ: ಎದುರಿಗೆ ದೊಡ್ಡ ಸರಕು ದೋಣಿ ಬಂದರೆ?

ಬಲಕ್ಕೆ ಸರಿದು, ವೇಗ ತಗ್ಗಿಸಿ, ಗೇರಿನಲ್ಲೇ ಇರಿ. 1879ರಲ್ಲಿ ಗೊತ್ತುಮಾಡಿದ ‘ಫ್ರೆಯ್ಸಿನೆ’ ಎಂಬ ಪ್ರಮಾಣ ಅಳತೆಯ ಲಾಕ್‌ಗಳಿಗೆ ಹೊಂದುವಂತೆ ಕಟ್ಟಿದ 38.5 ಮೀಟರ್ ಉದ್ದದ ಪೆನಿಶ್ ದೋಣಿಗಳು ಈಗಲೂ ಉತ್ತರದ, ಪೂರ್ವದ ಕಾಲುವೆಗಳಲ್ಲಿವೆ. ಅವಕ್ಕೆ ನಡುವಿನ ಆಳವೇ ಬೇಕು. ಹತ್ತಿರ ಬರುವಾಗ ನಿಮ್ಮನ್ನು ದಡಕ್ಕೆ ತಳ್ಳಿದಂತೆ, ಪಕ್ಕಕ್ಕೆ ಬಂದಾಗ ತನ್ನತ್ತ ಎಳೆದುಕೊಂಡಂತೆ ಆಗುತ್ತದೆ, ಚುಕ್ಕಾಣಿ ಬಿಗಿ ಹಿಡಿದಿರಿ. ಲಾಕ್‌ಗಳಲ್ಲಿ ಸರಕಿನ ಮತ್ತು ಪ್ರಯಾಣಿಕರ ದೋಣಿಗಳಿಗೆ ನಿಮಗಿಂತ ಮೊದಲ ಪಾಳಿ. ಮೊದಲು ಬಂದವರು ನಾವು ಎಂಬ ವಾದ ನಡೆಯುವುದಿಲ್ಲ.

ಪ್ರಶ್ನೆ: ರಾತ್ರಿ ಎಲ್ಲಿ ತಂಗುವುದು? ಮರಕ್ಕೆ ಕಟ್ಟಬಹುದೇ?

ಮರಕ್ಕೆ ಬೇಡ, ಕನಾಲ್ ದು ಮಿದಿಯಲ್ಲಂತೂ ಅದಕ್ಕೆ ನಿಷೇಧವೇ ಇದೆ. ಅಲ್ಲಿ ದಡದಲ್ಲಿದ್ದ ಪ್ಲೇನ್ ಎಂಬ ಜಾತಿಯ ಸುಮಾರು 42,000 ನೆರಳಿನ ಮರಗಳ ನಡುವೆ 2006ರಲ್ಲಿ ಶಿಲೀಂಧ್ರ ರೋಗ ಕಾಣಿಸಿಕೊಂಡು, ಸಾವಿರಾರು ಮರ ಕಡಿದು ಸುಡಬೇಕಾಯಿತು. ಹಗ್ಗ ಉಜ್ಜಿ, ದೋಣಿ ತಾಗಿ ತೊಗಟೆಗೂ ಬೇರಿಗೂ ಆದ ಗಾಯದಿಂದ ರೋಗ ಒಳಹೊಗುತ್ತದೆ, ನೀರಿನಲ್ಲಿ ಮುಂದಕ್ಕೆ ಹೋಗುತ್ತದೆ. ಹಳೇ ಫೋಟೊಗಳಲ್ಲಿ ಕಾಣುವ ಹಸಿರು ಚಪ್ಪರ ಈಗ ಎಷ್ಟೋ ಕಡೆ ಇಲ್ಲ. ಬೇರೆ ಜಾತಿಯ ಎಳೇ ಗಿಡ ನೆಟ್ಟಿದ್ದಾರೆ, ನೆರಳಿಗೆ ಟೋಪಿ ಒಯ್ಯಿರಿ.

ಊರಿನ ದೋಣಿ ಕಟ್ಟೆಯಲ್ಲಿ ನೀರು, ಕರೆಂಟು ಸಿಗುತ್ತದೆ, ಬಾಡಿಗೆಯನ್ನು ಯೂರೋದಲ್ಲಿ ಕಟ್ಟಬೇಕು. ಬಯಲಿನಲ್ಲಿ ದಡಕ್ಕೆ ಕಟ್ಟುವುದು ಸಾಮಾನ್ಯವಾಗಿ ಪುಕ್ಕಟೆ. ಗೂಟಗಳನ್ನು ದೋಣಿಯ ಎರಡು ತುದಿಯಿಂದಲೂ ತುಸು ಆಚೆಗೆ, ದೋಣಿಗೆ ವಿರುದ್ಧ ದಿಕ್ಕಿಗೆ ಓರೆಯಾಗಿ ಹೊಡೆಯಿರಿ. ಹಗ್ಗ ನೀರಂಚಿನ ಕಡೆಯೇ ಇರಲಿ. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಾರಿಯಲ್ಲಿ ಈಗ ಸೈಕಲ್ಲುಗಳು ಓಡುತ್ತವೆ, ಅಡ್ಡ ಹಗ್ಗ ಮುಸ್ಸಂಜೆಯಲ್ಲಿ ಯಾರನ್ನಾದರೂ ಉರುಳಿಸುತ್ತದೆ. ಹಗ್ಗಕ್ಕೆ ಸ್ವಲ್ಪ ಸಡಿಲು ಕೊಡಿ, ರಾತ್ರಿ ನೀರಿನ ಮಟ್ಟ ಗೇಣಷ್ಟು ಏರಿಳಿಯಬಹುದು. ತಿರುವು, ಸೇತುವೆಯ ಕೆಳಗೆ, ಲಾಕ್ ಮುಂದಿನ ಕಾಯುವ ಕಟ್ಟೆ: ಈ ಮೂರೂ ಬೇಡ. ಬಾಡಿಗೆ ದೋಣಿ ಕತ್ತಲಾದ ಮೇಲೆ ಚಲಿಸುವಂತಿಲ್ಲ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ದೋಣಿಯಲ್ಲೇ ಅಡುಗೆ ಮಾಡಬಹುದೇ? ಮಿಕ್ಸಿ ನಡೆಯುತ್ತದೆಯೇ?

ಗ್ಯಾಸ್ ಒಲೆ, ಫ್ರಿಜ್, ಪಾತ್ರೆ ಇರುತ್ತವೆ. ಕುಕ್ಕರ್ ಇರುತ್ತದೆಂದು ನಂಬಿ ಹೋಗಬೇಡಿ. ಮಿಕ್ಸಿ, ಎಲೆಕ್ಟ್ರಿಕ್ ಕೆಟಲ್ ಎಲ್ಲ ದಡದ ಕರೆಂಟಿಗೆ ಸಿಕ್ಕಿಸಿದಾಗ ಮಾತ್ರ. ಉಳಿದ ಹೊತ್ತು ದೋಣಿಯಲ್ಲಿರುವುದು 12 ವೋಲ್ಟ್. ಚಟ್ನಿ ಪುಡಿ ಒಯ್ಯುವುದೇ ಜಾಣತನ. ಮಲಗುವ ಮೊದಲು ಗ್ಯಾಸ್ ಬಂದ್ ಮಾಡಿ.

ಸಾಮಾನು ತರುವ ಹೊತ್ತು ಗಮನದಲ್ಲಿರಲಿ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಎರಡು ಮೂರು ಗಂಟೆ ಮುಚ್ಚಿರುತ್ತವೆ, ಭಾನುವಾರ ಮಧ್ಯಾಹ್ನದ ಮೇಲೆ ಏನೂ ಸಿಗದು, ಬ್ರೆಡ್ಡಿನ ಅಂಗಡಿಗೆ ಬಹಳ ಕಡೆ ಸೋಮವಾರ ರಜೆ. ಹೋಟೆಲಿನಲ್ಲಿ ಮೋಸಹೋಗುವುದು ಎರಡು ಕಡೆ. ಸಲಾಡು, ಕೀಶ್‌ಗಳಲ್ಲಿ ‘ಲಾರ್ದೊ’ ಎಂಬ ಹಂದಿಮಾಂಸದ ಸಣ್ಣ ಚೂರುಗಳಿರುತ್ತವೆ. ಕಸ್ತೆಲ್ನೊದಾರಿ ಊರಿನ ಹೆಸರಾಂತ ಕಸ್ಸುಲೆ ನೋಡಲು ಬಿಳಿ ಕಾಳಿನ ಹುಳಿಯ ಹಾಗಿರುತ್ತದೆ, ಒಳಗೆ ಬಾತುಕೋಳಿ, ಹಂದಿಮಾಂಸ.

ನೀರಿನ ಟ್ಯಾಂಕು ಅರ್ಧಕ್ಕಿಳಿದಾಗಲೇ ತುಂಬಿಸಿ, ಖಾಲಿಯಾಗುವ ತನಕ ಕಾಯಬೇಡಿ. ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ: ನೀರಿನ ಮುಚ್ಚಳ ಮತ್ತು ಡೀಸೆಲ್ ಮುಚ್ಚಳ ನೋಡಲು ಒಂದೇ ಥರ. ನೀರಿನದರ ಮೇಲೆ ಇ, ಎ, ಯು ಎಂಬ ಮೂರು ಅಕ್ಷರ ಇರುತ್ತವೆ (ಉಚ್ಚಾರ ಬರೀ ‘ಓ’, ಫ್ರೆಂಚರ ಉಳಿತಾಯ ಹಾಗಿದೆ). ‘ಗಾಝೋಲ್’ ಅಥವಾ ‘ಗ್ಯಾಸ್‌ಆಯಿಲ್’ ಎಂದಿದ್ದರೆ ಡೀಸೆಲ್. ಡೀಸೆಲ್ ಟ್ಯಾಂಕಿಗೆ ನೀರು ಬಿಟ್ಟವರ ಪ್ರವಾಸ ಅಲ್ಲಿಗೆ ಮುಗಿಯಿತು.

ಪ್ರಶ್ನೆ: ನಡುದಾರಿಯಲ್ಲಿ ಎಂಜಿನ್ ಬಿಸಿಯಾಗಿ ಬಜರ್ ಹೊಡೆದರೆ ಏನು ಮಾಡಬೇಕು?

ಹೆಚ್ಚಿನ ಸಲ ಎಲೆಯೇ ಕಾರಣ. ಇಂಥ ಎಂಜಿನ್ ಕಾಲುವೆಯ ನೀರನ್ನೇ ಒಳಗೆಳೆದು ತಣ್ಣಗಾಗುತ್ತದೆ, ಒಳಬರುವ ದಾರಿಯ ಜಾಲರಿಗೆ ಎಲೆ, ಪಾಚಿ ತುಂಬಿ ನೀರು ನಿಲ್ಲುತ್ತದೆ. ಮೊದಲು ಹೊಗೆ ಕೊಳವೆ ನೋಡಿ: ಅಲ್ಲಿಂದ ನೀರು ಚಿಮ್ಮದೆ ಬರೀ ಹೊಗೆ ಬರುತ್ತಿದ್ದರೆ ಇದೇ ಕಾಯಿಲೆ. ದಡಕ್ಕೆ ಕಟ್ಟಿ, ಎಂಜಿನ್ ನಿಲ್ಲಿಸಿ, ಬೀಗದ ಕೈ ಕಿಸೆಗೆ ಹಾಕಿಕೊಳ್ಳಿ. ನೀರು ಒಳಬರುವ ಕವಾಟ ಮುಚ್ಚಿ. ಜಾಲರಿಯ ಮುಚ್ಚಳ ತಿರುಗಿಸಿ ತೆಗೆದು, ಕಸ ತೆಗೆದು ತೊಳೆಯಿರಿ. ಮುಚ್ಚಳ ಸರಿಯಾಗಿ ಬಿಗಿಯಿರಿ, ಸಡಿಲವಿದ್ದರೆ ಗಾಳಿ ಎಳೆದು ಮತ್ತೆ ಬಿಸಿಯಾಗುತ್ತದೆ. ಕವಾಟ ತೆರೆಯಿರಿ, ಇದನ್ನು ಮರೆಯುವವರೇ ಹೆಚ್ಚು. ಎಂಜಿನ್ ಶುರು ಮಾಡಿ, ನೀರು ಚಿಮ್ಮುವುದನ್ನು ಕಂಡ ಮೇಲೆ ಹೊರಡಿ. ಮುಚ್ಚಿದ ಸುತ್ತಿನ ಕೂಲಿಂಗ್ ಇರುವ ದೋಣಿಗಳಿಗೆ ಈ ಜಾಲರಿಯೇ ಇರುವುದಿಲ್ಲ. ಅಂಥದು ಬಿಸಿಯಾದರೆ ಕೈ ಹಾಕದೆ ಬಾಡಿಗೆಯವರಿಗೆ ಫೋನ್ ಮಾಡಿ.

ಇದ್ದಕ್ಕಿದ್ದಂತೆ ದೋಣಿ ನಡುಗಿ ವೇಗ ತಗ್ಗಿದರೆ ಪ್ರೊಪೆಲರ್‌ಗೆ ಏನೋ ಸುತ್ತಿದೆ. ನ್ಯೂಟ್ರಲ್‌ಗೆ ತಂದು, ಕ್ಷಣಕಾಲ ರಿವರ್ಸ್ ಹಾಕಿ ನೋಡಿ. ಎಲೆಯಾದರೆ ಬಿಟ್ಟುಹೋಗುತ್ತದೆ, ಹಗ್ಗವಾದರೆ ಇನ್ನೂ ಬಿಗಿಯುತ್ತದೆ, ನಿಲ್ಲಿಸಿ. ಅಂದಹಾಗೆ, ಹೀಗೆ ಸುತ್ತಿಕೊಳ್ಳುವುದು ಹೆಚ್ಚಾಗಿ ಸ್ವಂತ ದೋಣಿಯದೇ ನೀರಿಗೆ ಜೋತುಬಿದ್ದ ಹಗ್ಗ.

ಪ್ರಶ್ನೆ: ಚಿಕ್ಕ ಮಕ್ಕಳಿದ್ದಾರೆ. ಸುರಕ್ಷಿತವೇ?

ನಿಯಮ ಇಟ್ಟುಕೊಂಡರೆ ಸುರಕ್ಷಿತ. ಲಾಕ್‌ನಲ್ಲಿ ಮತ್ತು ಹೊರಗೆ ಡೆಕ್ಕಿನ ಮೇಲೆ ಇರುವಾಗ ಲೈಫ್ ಜಾಕೆಟ್, ಅವರ ಅಳತೆಯದೇ. ದೊಡ್ಡವರ ಜಾಕೆಟ್ ಮಗುವಿನ ತಲೆಯ ಮೇಲಿಂದ ಕಳಚಿಹೋಗುತ್ತದೆ. ಮುಂದೆ ಕಾಲು ಇಳಿಬಿಟ್ಟು ಕೂರುವುದು ಬೇಡ. ಯಾರಾದರೂ ನೀರಿಗೆ ಬಿದ್ದರೆ ಚುಕ್ಕಾಣಿಯವರ ಮೊದಲ ಕೆಲಸ ಗೇರನ್ನು ನ್ಯೂಟ್ರಲ್‌ಗೆ ತರುವುದು, ಕಿರುಚುವುದು ಆಮೇಲೆ. ಕಾಲುವೆಯಲ್ಲಿ ಈಜು ನಿಷಿದ್ಧ. ತುರ್ತಿಗೆ 112.

ಪ್ರಶ್ನೆ: ನಮಗಿರುವುದು ಒಂದೇ ದಿನ, ಅದೂ ಪ್ಯಾರಿಸ್‌ನಲ್ಲಿ.

ಹಾಗಿದ್ದರೆ ಚುಕ್ಕಾಣಿ ಬೇರೆಯವರಿಗೆ ಬಿಡಿ. ಆರ್ಸೆನಾಲ್ ಕಟ್ಟೆಯಿಂದ ಲಾ ವಿಲೆಟ್‌ವರೆಗೆ ಸೇಂಟ್ ಮಾರ್ಟಿನ್ ಕಾಲುವೆಯಲ್ಲಿ ಪ್ರಯಾಣಿಕರ ದೋಣಿಗಳು ಹೋಗುತ್ತವೆ, ಸುಮಾರು ಎರಡೂವರೆ ಗಂಟೆ. ದೂರ 4.5 ಕಿ.ಮೀ. ಮಾತ್ರ. ಆದರೆ ಒಂಬತ್ತು ಲಾಕ್, 25 ಮೀಟರ್ ಏರು, ಎರಡು ಕಿ.ಮೀ.ಯಷ್ಟು ಬೀದಿಯ ಕೆಳಗಿನ ಸುರಂಗ. 1825ರಲ್ಲಿ ತೆರೆದ ಕಾಲುವೆ ಇದು. ಲಾಕ್ ಹೇಗೆ ತುಂಬುತ್ತದೆ, ದೋಣಿ ಹೇಗೆ ಹಿಂದೆ ಜಾರುತ್ತದೆ ಎಂಬುದನ್ನು ಸುಮ್ಮನೆ ಕೂತು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸ್ವಂತ ಕೈಯಿಂದಲೇ ನಡೆಸಬೇಕೆಂದರೆ ಲಾ ವಿಲೆಟ್ ಕೊಳದಲ್ಲಿ ಪರವಾನಗಿ ಬೇಡದ ಸಣ್ಣ ಎಲೆಕ್ಟ್ರಿಕ್ ದೋಣಿಗಳು ಗಂಟೆ ಲೆಕ್ಕದಲ್ಲಿ ಸಿಗುತ್ತವೆ. ಮಲಗುವ ಕೋಣೆಯಿರುವ ದೊಡ್ಡ ದೋಣಿಗಳನ್ನು ಒಂದೇ ದಿನಕ್ಕೆ ಕೊಡುವುದು ಅಪರೂಪ.

ಪ್ರಶ್ನೆ: ಲಾಕ್‌ಗಳೇ ಇಷ್ಟ ಎನ್ನುವವರಿಗೆ?

ಬರ್ಗಂಡಿ ಕಾಲುವೆ. 242 ಕಿ.ಮೀ.ಗೆ 189 ಲಾಕ್, ನಡುವೆ ಪುಯಿ ಎಂಬಲ್ಲಿ 3.3 ಕಿ.ಮೀ. ಸುರಂಗ. ಇನ್ನು, ಲಾಕ್‌ನ ಗೋಜಿಲ್ಲದೆ ಎತ್ತರ ಇಳಿಯುವುದನ್ನು ನೋಡಬೇಕೆಂದರೆ ಪೂರ್ವದ ಮಾರ್ನ್–ರೈನ್ ಕಾಲುವೆಯ ಅರ್ಜ್‌ವಿಲೆರ್‌ಗೆ ಹೋಗಿ. 1969ರಿಂದ ಅಲ್ಲಿ 17 ಲಾಕ್‌ಗಳ ಬದಲಿಗೆ ನೀರು ತುಂಬಿದ ತೊಟ್ಟಿಯೊಂದು ದೋಣಿಗಳ ಸಮೇತ ಇಳಿಜಾರಿನ ಹಳಿಗಳ ಮೇಲೆ ಅಡ್ಡಡ್ಡಲಾಗಿ ಇಳಿಯುತ್ತದೆ, 44.55 ಮೀಟರ್. ದೋಣಿ ಹೊಕ್ಕರೂ ತೊಟ್ಟಿಯ ತೂಕ ಹೆಚ್ಚುವುದಿಲ್ಲ, ತನ್ನ ತೂಕದಷ್ಟೇ ನೀರನ್ನು ಅದು ಹೊರಕ್ಕೆ ಸರಿಸಿರುತ್ತದೆ. ಹಾಗಾಗಿ ಎದುರು ತೂಕದ ಕಲ್ಲುಗಳು ಸದಾ ಸರಿದೂಗುತ್ತವೆ, ಮೋಟಾರಿಗೆ ಹೆಚ್ಚು ಕೆಲಸವಿಲ್ಲ.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು?

ಮೇ, ಜೂನ್, ಸೆಪ್ಟೆಂಬರ್. ಜುಲೈ–ಆಗಸ್ಟ್‌ನಲ್ಲಿ ಬಿಸಿಲು, ಲಾಕ್‌ಗಳ ಮುಂದೆ ಸಾಲು. ಚಳಿಗಾಲದಲ್ಲಿ ಕನಾಲ್ ದು ಮಿದಿಯನ್ನು ದುರಸ್ತಿಗೆಂದು ಮುಚ್ಚುತ್ತಾರೆ. ಮೇ 1ರಂದು ಲಾಕ್‌ಗಳಿಗೆ ರಜೆ, ಆ ದಿನವನ್ನು ಒಂದೇ ಊರಿನಲ್ಲಿ ಕಳೆಯುವಂತೆ ಯೋಜಿಸಿ. ಹೊರಡುವ ವಾರ ಜಲಮಾರ್ಗಗಳ ಸರ್ಕಾರಿ ಸಂಸ್ಥೆ ವಿಎನ್ಎಫ್‌ನ ಪ್ರಕಟಣೆಗಳನ್ನು ನೋಡಿ. ನೀರಿನ ಕೊರತೆ, ಕೆಟ್ಟ ಲಾಕ್, ಬದಲಾದ ಸಮಯ ಎಲ್ಲ ಅಲ್ಲಿರುತ್ತದೆ. ಫೊನ್ಸೆರಾನ್ ಕಡೆ ಹೋಗುವವರಿಗಂತೂ ಇದು ಅಗತ್ಯ: 21.5 ಮೀಟರ್ ಎತ್ತರದ ಆ ಮೆಟ್ಟಿಲು ಲಾಕ್‌ನಲ್ಲಿ ಏರುವವರಿಗೊಂದು ಹೊತ್ತು, ಇಳಿಯುವವರಿಗೊಂದು ಹೊತ್ತು. ತಪ್ಪಿದರೆ ಮುಂದಿನ ಪಾಳಿಯವರೆಗೆ ಅಲ್ಲೇ ಕಟ್ಟಿ ಕೂರಬೇಕು.